21 ಗ್ರಾಂ ಚಾಕು: ಚಾರಣಿಗರಿಗೊಂದು ಕೈಪಿಡಿ

ಮೊದಲು ಓದಿ

ಈ ಕೈಪಿಡಿಯನ್ನು ಪೂರ್ತಿ ಓದಿದ ಮೇಲೆಯೇ ಚಾಕು ಕೊಳ್ಳಿ. ಈಗಾಗಲೇ ಕೊಂಡಾಗಿದ್ದರೆ ಅದನ್ನು ಮಡಚಿ, ಮಕ್ಕಳ ಕೈಗೆ ಎಟುಕದ ಕಡೆ ಇಟ್ಟು ಆಮೇಲೆ ಓದಿ. ಮಡಚಲು ಬರುತ್ತಿಲ್ಲವಾದರೆ ನೇರವಾಗಿ 7ನೆಯ ಭಾಗಕ್ಕೆ ಹೋಗಿ. ಬೆರಳಿಗೆ ಆಗಲೇ ಬ್ಯಾಂಡೇಜು ಸುತ್ತಿಕೊಂಡಿದ್ದರೆ ನೀವು ಈ ಕೈಪಿಡಿಯ ಮಟ್ಟವನ್ನು ದಾಟಿದ್ದೀರಿ.

ಇದು ಬೆನ್ನಿಗೆ ಚೀಲ ಏರಿಸಿಕೊಂಡು ಘಟ್ಟ ಹತ್ತುವವರಿಗಾಗಿ. ಅಂದರೆ ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹಿಡಿದು, ಶನಿವಾರ ಬೆಳಿಗ್ಗೆ ಕುಕ್ಕೆಯಲ್ಲೋ ಕಳಸದಲ್ಲೋ ಕೊಲ್ಲೂರಿನಲ್ಲೋ ಕಣ್ಣುಜ್ಜಿಕೊಳ್ಳುತ್ತ ಇಳಿಯುವವರಿಗೆ. ಹಿಮಾಲಯಕ್ಕೆ ತಂಡ ಕಟ್ಟಿಕೊಂಡು ಹೋಗುವವರು ಇದನ್ನು ಓದಬೇಕಾಗಿಲ್ಲ. ಅಲ್ಲಿ ಅಡುಗೆಯವರು ಜೊತೆಗಿರುತ್ತಾರೆ. ಚಾಕು ಅವರ ಬಳಿ ಇರುತ್ತದೆ. ಅದನ್ನು ಮುಟ್ಟಲು ನಿಮ್ಮನ್ನು ಅವರು ಬಿಡುವುದಿಲ್ಲ.

1. ಉಪಕರಣ ಯಾವುದಕ್ಕೆ

ಅಂಗಡಿಯಲ್ಲಿ ಚಾಕು ಕೈಗೆತ್ತಿಕೊಂಡವರ ಕಣ್ಣ ಮುಂದೆ ಬರುವ ಚಿತ್ರ ಸಾಮಾನ್ಯವಾಗಿ ಒಂದೇ: ಕಾಡು, ಕತ್ತಲೆ, ಎದುರಿಗೆ ಏನೋ ಒಂದು. ಪಶ್ಚಿಮ ಘಟ್ಟದಲ್ಲಿ ಆ 'ಏನೋ' ಒಂದು ಕಾಟಿಯಾಗಿರುವ ಸಾಧ್ಯತೆ ಹೆಚ್ಚು. ಬೆಳೆದ ಗಂಡು ಕಾಟಿ ಒಂದು ಟನ್ ತೂಗಬಲ್ಲದು. ಅದಕ್ಕೆ ನಿಮ್ಮ ಕೈಯಲ್ಲಿರುವ ಬೆರಳುದ್ದದ ಅಲಗು ಕಾಣಿಸುವುದೂ ಅನುಮಾನ. ಆನೆಯಾದರೆ ಆ ಅಲಗನ್ನು ಬಿಡಿಸುವಷ್ಟು ಹೊತ್ತು ನಿಂತಿರಬೇಡಿ. ಆತ್ಮರಕ್ಷಣೆ ಎಂಬ ಪದವನ್ನು ಈ ಉಪಕರಣದ ಉದ್ದೇಶಗಳ ಪಟ್ಟಿಯಿಂದ ಮೊದಲು ಹೊಡೆದು ಹಾಕಿ. ಪೆನ್ನು ಸಾಕು, ಚಾಕು ಬೇಡ.

ನಿಜವಾಗಿ ಬೀಳುವ ಕೆಲಸ ಇಷ್ಟು: ಸೌತೆಕಾಯಿ ಹೆಚ್ಚುವುದು. ಉಪ್ಪಿನಕಾಯಿಯ ಪೊಟ್ಟಣ ಕತ್ತರಿಸುವುದು (ಹಲ್ಲಿನಲ್ಲಿ ಕಚ್ಚಿ ಎಳೆದರೆ ಅರ್ಧ ಉಪ್ಪಿನಕಾಯಿ ಅಂಗಿಗೆ ಬಡಿಸಿದಂತೆ). ಹಿಮ್ಮಡಿಯ ಬೊಬ್ಬೆಗೆ ಅಂಟುಪಟ್ಟಿಯನ್ನು ಅಳತೆಗೆ ಕತ್ತರಿಸುವುದು. ಟಾರ್ಪಾಲಿನ ಹಗ್ಗ ತುಂಡು ಮಾಡುವುದು. ಅಡಿ ಕಿತ್ತುಬಂದ ಬೂಟನ್ನು ದಾರ ಸುತ್ತಿ ಕಟ್ಟಿದ ಮೇಲೆ ಉಳಿದ ದಾರವನ್ನು ಕತ್ತರಿಸುವುದು. ಅಂಗೈಗೆ ಹೊಕ್ಕ ಮುಳ್ಳು ಕೀಳುವುದು. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಒಂದು ಅಡುಗೆಮನೆ, ಒಂದು ಪ್ರಥಮ ಚಿಕಿತ್ಸೆಯ ಡಬ್ಬಿ, ಒಂದು ಹೊಲಿಗೆಪೆಟ್ಟಿಗೆ ಇವುಗಳ ಕೆಲಸ ಬಿಟ್ಟರೆ ಇಲ್ಲಿ ಬೇರೇನೂ ಇಲ್ಲ. ಬೇಟೆಗಾರನಿಗೆ, ಸೈನಿಕನಿಗೆ, ಸಿನಿಮಾದ ನಾಯಕನಿಗೆ ಇದರಲ್ಲಿ ಕೆಲಸವಿಲ್ಲ.

ಉಂಬಳದ ವಿಷಯಕ್ಕೆ ಪ್ರತ್ಯೇಕ ಎಚ್ಚರಿಕೆ ಬೇಕು, ಏಕೆಂದರೆ ಮಳೆಗಾಲದ ಚಾರಣದಲ್ಲಿ ಹೊಸಬರು ಚಾಕು ಹೊರತೆಗೆಯುವ ಮೊದಲ ಸಂದರ್ಭವೇ ಅದು. ಕಾಲಿಗೆ ಕಚ್ಚಿದ ಉಂಬಳದ ಮೇಲೆ ಅಲಗು ಪ್ರಯೋಗಿಸಬೇಡಿ. ಮೀನಖಂಡವನ್ನು ಚಪಾತಿಹಿಟ್ಟು ಹೆರೆಯುವ ಉತ್ಸಾಹದಲ್ಲಿ ಹೆರೆಯುವವರಿದ್ದಾರೆ. ಉಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವನ್ನು ಗಾಯಕ್ಕೆ ಸೇರಿಸುತ್ತದೆ. ಅದು ಬಿದ್ದುಹೋದ ಮೇಲೂ ಬಹಳ ಹೊತ್ತು ರಕ್ತ ಸೋರುವುದು ಅದಕ್ಕೇ. ಅದೇ ಜಾಗಕ್ಕೆ ನೀವೊಂದು ಕೊಯ್ತ ಕೊಟ್ಟರೆ ಎರಡು ಗಾಯ, ಎರಡೂ ನಿಲ್ಲದವು. ಅದು ಕಚ್ಚಿರುವ ಸಪೂರ ತುದಿಯ ಪಕ್ಕದಲ್ಲಿ ಚರ್ಮಕ್ಕೆ ಒತ್ತಿ ಉಗುರು ತೂರಿಸಿ ಸರಿಸಿ, ಹಿಡಿತ ಬಿಡುತ್ತದೆ. ಮಲೆನಾಡಿನವರು ಉಪ್ಪಿನ ಗಂಟನ್ನೋ ಸುಣ್ಣ-ಹೊಗೆಸೊಪ್ಪನ್ನೋ ಕಟ್ಟಿಕೊಂಡು ಹೊರಡುತ್ತಾರೆ. ಅವರಲ್ಲಿ ಯಾರೂ ಇದಕ್ಕಾಗಿ ಚಾಕು ತೆಗೆದದ್ದನ್ನು ನಾನು ಕಂಡಿಲ್ಲ.

"ಆದರೆ ಅಮೆರಿಕದಲ್ಲಿ ಒಬ್ಬ ತನ್ನ ಕೈಯನ್ನೇ..." ಎಂದು ಯಾರಾದರೂ ಶುರುಮಾಡುತ್ತಾರೆ. ಹೌದು. 2003ರ ಏಪ್ರಿಲ್‌ನಲ್ಲಿ ಯೂಟಾ ರಾಜ್ಯದ ಬ್ಲೂಜಾನ್ ಕಣಿವೆಯಲ್ಲಿ ಆರನ್ ರಾಲ್‌ಸ್ಟನ್ ಎಂಬ ಚಾರಣಿಗನ ಬಲಗೈ ಬಂಡೆಗೆ ಸಿಕ್ಕಿಬಿತ್ತು. ಐದು ದಿನ ಕಳೆದ ಮೇಲೆ ಆತ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಪಾರಾದ. ಇದನ್ನೇ ಡ್ಯಾನಿ ಬಾಯ್ಲ್ 2010ರಲ್ಲಿ '127 ಅವರ್ಸ್' ಎಂಬ ಸಿನಿಮಾ ಮಾಡಿದರು. ಸಂಗೀತ ನಮ್ಮ ಎ.ಆರ್. ರೆಹಮಾನ್ ಅವರದು. ಚಾಕು ಮಾರುವವರಿಗೆ ಈ ಕಥೆ ಬಹಳ ಇಷ್ಟ. ಆದರೆ ಕಥೆಯ ಎರಡು ವಿವರಗಳನ್ನು ಅವರು ಹೇಳುವುದಿಲ್ಲ. ಒಂದು, ರಾಲ್‌ಸ್ಟನ್ ಬಳಿ ಇದ್ದದ್ದು ಟಾರ್ಚಿನ ಜೊತೆ ಪುಕ್ಕಟೆ ಕೊಡುವಂಥ, ಹೆಸರಿಲ್ಲದ ಮೊಂಡು ಉಪಕರಣ. ಎರಡು, ಎಲ್ಲಿಗೆ ಹೋಗುತ್ತಿದ್ದೇನೆಂದು ಆತ ಯಾರಿಗೂ ತಿಳಿಸಿರಲಿಲ್ಲ. ಉತ್ತಮ ಚಾಕು ಇದ್ದಿದ್ದರೆ ಕೈ ಬೇಗ ತುಂಡಾಗುತ್ತಿತ್ತು. ಮನೆಗೊಂದು ಮಾತು ಹೇಳಿ ಹೋಗಿದ್ದರೆ ಕೈ ಉಳಿಯುವ ಸಾಧ್ಯತೆಯೂ ಇತ್ತು. ಆದ್ದರಿಂದ ಬಸ್ಸು ಹತ್ತುವ ಮುನ್ನ ದಾರಿಯ ಹೆಸರು, ಇಳಿಯುವ ಹೊತ್ತು ಇವನ್ನು ಅಮ್ಮನಿಗೋ ಹೆಂಡತಿಗೋ ಕಳುಹಿಸಿ. ಈ ಉಪಕರಣದ ತೂಕ ಸೊನ್ನೆ ಗ್ರಾಂ.

2. ಭಾಗಗಳ ಪರಿಚಯ

ಬಹೂಪಯೋಗಿ ಚಾಕು ಒಂದನ್ನು ಬಿಡಿಸಿ ಮೇಜಿನ ಮೇಲಿಡಿ. ಅದರ ಪ್ರತಿಯೊಂದು ಭಾಗಕ್ಕೂ ಒಂದು ಕಾಲದಲ್ಲಿ, ಯಾರದೋ ಒಂದು ಗಟ್ಟಿಯಾದ ಅಗತ್ಯವಿತ್ತು. ಆ ಯಾರೋ ನೀವಲ್ಲ, ಅಷ್ಟೇ.

ಸ್ಕ್ರೂಡ್ರೈವರನ್ನೇ ತೆಗೆದುಕೊಳ್ಳಿ. 19ನೆಯ ಶತಮಾನದ ಕೊನೆಯಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸೈನ್ಯಕ್ಕೆ ಹೊಸ ರೈಫಲ್ ಬಂತು. ಅದನ್ನು ಬಿಚ್ಚಿ ಜೋಡಿಸಲು ಸಿಪಾಯಿಯ ಜೇಬಿನಲ್ಲಿ ಸ್ಕ್ರೂಡ್ರೈವರ್ ಬೇಕಾಯಿತು. ಊಟ ಡಬ್ಬಿಯಲ್ಲಿ ಬರುತ್ತಿತ್ತು, ಅದಕ್ಕೊಂದು ಡಬ್ಬಿ ತೆರೆಯುವ ಕೊಕ್ಕು. ಚರ್ಮದ ಪಟ್ಟಿಗೆ ತೂತು ಹಾಕಲು ಒಂದು ಮೊನೆ. ಇವಕ್ಕೆ ಒಂದು ಅಲಗು ಸೇರಿಸಿದರೆ ಸಿಪಾಯಿ ಚಾಕು ಸಿದ್ಧ. ಶ್ವಿಟ್ಸ್ ಪ್ರಾಂತ್ಯದ ಈಬಾಖ್ ಊರಿನಲ್ಲಿ 1884ರಲ್ಲಿ ಕಸುಬು ಶುರುಮಾಡಿದ್ದ ಕಾರ್ಲ್ ಎಲ್ಸೆನರ್ 1891ರಿಂದ ಇದನ್ನು ಸೈನ್ಯಕ್ಕೆ ಒದಗಿಸತೊಡಗಿದರು. ಈಗಿನ ವಿಕ್ಟೋರಿನಾಕ್ಸ್ ಕಂಪನಿಯ ಮೂಲಪುರುಷ ಅವರೇ. 1897ರಲ್ಲಿ ಅವರು ಅಧಿಕಾರಿಗಳಿಗಾಗಿ ಇನ್ನೊಂದು ಚಾಕು ನೋಂದಾಯಿಸಿದರು. ಹಗುರ, ಚೆಂದ, ಹೆಚ್ಚುವರಿಯಾಗಿ ಇನ್ನೊಂದು ಸಣ್ಣ ಅಲಗು ಮತ್ತು ವೈನ್ ಬಾಟಲಿಯ ಬಿರಡೆ ಎಳೆಯುವ ತಿರುಚುಮೊಳೆ. ಸಿಪಾಯಿಗೆ ರೈಫಲ್, ಅಧಿಕಾರಿಗೆ ವೈನ್. ಸೈನ್ಯದ ಶ್ರೇಣಿವ್ಯವಸ್ಥೆಯನ್ನು ಇದಕ್ಕಿಂತ ಚಿಕ್ಕ ಜಾಗದಲ್ಲಿ ಯಾರೂ ವಿವರಿಸಿದಂತಿಲ್ಲ.

ಈಗ ಬಳಕೆದಾರರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದದ್ದು: ಕುಮಾರ ಪರ್ವತದ ಏರಿನಲ್ಲಿ ನಾನು ಬಿಚ್ಚಬೇಕಾದ ರೈಫಲ್ ಯಾವುದು? ಕೊಡಚಾದ್ರಿಯ ಸರ್ವಜ್ಞ ಪೀಠದ ಮುಂದೆ ಎಳೆಯಬೇಕಾದ ಬಿರಡೆ ಯಾವುದು? ಒಂದು ಮಾತು ಮಾತ್ರ ತಿರುಚುಮೊಳೆಯ ಪರವಾಗಿ ಹೇಳಬೇಕು. ಒದ್ದೆಯಾಗಿ ಕಗ್ಗಂಟಾದ ಬೂಟಿನ ಲಾಡಿಯನ್ನು ಸಡಿಲಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ವೈನ್ ಕುಡಿಯದ ಅಧಿಕಾರಿಗಳು ಅದನ್ನು ಹಾಗೆಯೇ ಬಳಸಿದ್ದಾರು.

ಇಕ್ಕಳಕ್ಕೆ ಬೇರೆಯದೇ ವಂಶಾವಳಿ. 1975ರಲ್ಲಿ ಟಿಮ್ ಲೆದರ್‌ಮನ್ ಎಂಬ ಅಮೆರಿಕದ ಯುವಕ ಹೆಂಡತಿಯೊಡನೆ ಒಂದು ಹಳೆಯ ಫಿಯೆಟ್ ಕಾರಿನಲ್ಲಿ ಯೂರೋಪು ಸುತ್ತುತ್ತಿದ್ದ. ಕಾರು ದಾರಿಯುದ್ದಕ್ಕೂ ಕೈಕೊಡುತ್ತಿತ್ತು. ಅಗ್ಗದ ಹೋಟೆಲುಗಳ ನಲ್ಲಿಗಳು ಸೋರುತ್ತಿದ್ದವು. ಜೇಬಿನಲ್ಲಿದ್ದ ಚಾಕುವಿನಿಂದ ಎಲ್ಲವನ್ನೂ ರಿಪೇರಿ ಮಾಡಿದ ಆತನಿಗೆ ಇಕ್ಕಳವೊಂದರ ಕೊರತೆ ಕಾಡಿತು. ಊರಿಗೆ ಮರಳಿ ವರ್ಷಗಟ್ಟಲೆ ಗುದ್ದಾಡಿ, 1983ರಲ್ಲಿ ಇಕ್ಕಳವನ್ನೇ ನಡುವಿಗಿಟ್ಟು ಮಡಚುವ ಉಪಕರಣವನ್ನು ಮಾರುಕಟ್ಟೆಗೆ ತಂದ. ಇಂದಿನ ಮಲ್ಟಿಟೂಲ್ ಎಲ್ಲವೂ ಅದರ ಸಂತತಿ. ಅಂದರೆ ಇಕ್ಕಳ ಬೇಕಾಗುವುದು ಕಾರು ಕೆಟ್ಟಾಗ. ನೀವು ಬಂದಿರುವುದು ಬಸ್ಸಿನಲ್ಲಿ, ಇಲ್ಲವೇ ಬಾಡಿಗೆಯ ಟೆಂಪೊ ಟ್ರಾವೆಲರಿನಲ್ಲಿ. ಅದರ ಡ್ರೈವರ್ ಸೀಟಿನ ಕೆಳಗಿರುವ ಗೋಣಿಚೀಲದಲ್ಲಿ ನಿಮ್ಮ ಮಲ್ಟಿಟೂಲ್ ನೋಡಿ ನಗುವಷ್ಟು ಸಾಮಾನು ಇರುತ್ತದೆ. ಸ್ಟವ್ ಹೊತ್ತು ಅಡುಗೆ ಮಾಡುವವರಿಗೆ ಮಾತ್ರ ಬಿಸಿ ಪಾತ್ರೆ ಇಳಿಸಲು ಇಕ್ಕಳ ಉಪಯೋಗ. ಉಳಿದವರು ಟವೆಲ್ ಬಳಸಿ.

ಗರಗಸ ಚೆನ್ನಾಗಿ ಕೊಯ್ಯುತ್ತದೆ. ಕಾಡಿನ ಮರ ಕೊಯ್ಯುವುದು ಅಪರಾಧ. ಮುಂದಕ್ಕೆ ಹೋಗೋಣ.

33 ಕೆಲಸ ಮಾಡುವ ಸ್ವಿಸ್‌ಚಾಂಪ್ ಎಂಬ ಮಾದರಿಯಲ್ಲಿ ಮೀನಿನ ಹುರುಪೆ ಹೆರೆಯುವ ಅಲಗೂ ಒಂದು ಭೂತಗನ್ನಡಿಯೂ ಇವೆ. ಇದು ಸಾಲದೆನ್ನುವವರಿಗಾಗಿ ವೆಂಗರ್ ಎಂಬ ಕಂಪನಿ 87 ಉಪಕರಣಗಳಿರುವ, 141 ಕೆಲಸ ಮಾಡುವ ಚಾಕು ತಯಾರಿಸಿ ಗಿನ್ನೆಸ್ ದಾಖಲೆಗೆ ಸೇರಿಸಿತು. ಅದನ್ನು ಯಾವ ಜೇಬಿನಲ್ಲೂ ಇಡಲಾಗುವುದಿಲ್ಲ. 142ನೆಯ ಕೆಲಸವಾಗಿ ಅದನ್ನು ಹೊರುವ ಒಬ್ಬ ಆಳನ್ನು ಸೇರಿಸಬೇಕಿತ್ತು.

ಇನ್ನು ಉಳಿದದ್ದು ಎರಡು ಭಾಗ, ಮತ್ತು ಈ ಕೈಪಿಡಿಯ ಅಭಿಪ್ರಾಯದಲ್ಲಿ ಹಣ ಕೊಡಬೇಕಾದದ್ದು ಇವಕ್ಕೇ: ಪುಟ್ಟ ಕತ್ತರಿ ಮತ್ತು ಪುಟ್ಟ ಚಿಮಟ. ಮೇಲೆ ಹೇಳಿದ ಕೆಲಸಗಳ ಪಟ್ಟಿಯಲ್ಲಿ ಸೌತೆಕಾಯಿ ಒಂದನ್ನು ಬಿಟ್ಟರೆ ಉಳಿದೆಲ್ಲಕ್ಕೂ ಅಲಗಿಗಿಂತ ಇವೇ ವಾಸಿ. ಅಂಟುಪಟ್ಟಿ, ದಾರ, ಪೊಟ್ಟಣ, ಹರಿದ ಉಗುರು, ಬೊಬ್ಬೆಯ ಮೇಲಿನ ಸತ್ತ ಚರ್ಮ ಇವೆಲ್ಲ ಕತ್ತರಿಯ ಕೆಲಸ. ನಡುಗುವ ಕೈಯಲ್ಲಿ, ಮಳೆಯಲ್ಲಿ, ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಬಿಚ್ಚಲಗು ಹಿಡಿಯುವುದಕ್ಕಿಂತ ಕತ್ತರಿ ಹಿಡಿಯುವುದು ಎಷ್ಟೋ ಕ್ಷೇಮ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆ ಹುಟ್ಟಿದ್ದು ಚಿಮಟ ಇಲ್ಲದ ಕಾಲದಲ್ಲಿ.

ಹಲ್ಲುಕಡ್ಡಿಯೂ ಒಂದಿರುತ್ತದೆ. ಗುಂಪಿನಲ್ಲಿ ಹಂಚಿಕೊಳ್ಳಬೇಡಿ.

3. ತೂಕ

ಹಗುರ ಚಾರಣ ಎಂಬ ಪಂಥವನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದವರು ರೇ ಜಾರ್ಡಿನ್; 1990ರ ದಶಕದಲ್ಲಿ ಅವರ ಪುಸ್ತಕ ಓದಿದವರು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಕತ್ತರಿಸಿ ಗ್ರಾಂ ಉಳಿಸಲು ಶುರುಮಾಡಿದರು. ಈ ಪಂಥದವರ ಲೆಕ್ಕದಲ್ಲಿ ಊಟ, ನೀರು, ಇಂಧನ ಬಿಟ್ಟು ಚೀಲ 10 ಪೌಂಡಿಗಿಂತ, ಅಂದರೆ ಸುಮಾರು ನಾಲ್ಕೂವರೆ ಕಿಲೋಗಿಂತ ಹೆಚ್ಚಿರಬಾರದು. ಈ ಪಂಥಕ್ಕೂ ಮೊದಲೇ, 1955ರಲ್ಲಿ, ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ, ಹನ್ನೊಂದು ಮಕ್ಕಳ ತಾಯಿ, ಮನೆಯಲ್ಲೇ ಹೊಲಿದ ಬಟ್ಟೆಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಅಪಲಾಚಿಯನ್ ಹಾದಿಯ ಎರಡು ಸಾವಿರ ಚಿಲ್ಲರೆ ಮೈಲಿಯನ್ನು ಒಂಟಿಯಾಗಿ ನಡೆದು ಮುಗಿಸಿದ್ದರು. ಚೀಲದಲ್ಲಿ ಮಳೆಗೆ ಬಚ್ಚಲಮನೆಯ ಪರದೆ, ಒಂದು ಟಾರ್ಚು, ಒಂದು ಸ್ವಿಸ್ ಮಡಚುಚಾಕು. ಟೆಂಟು ಇರಲಿಲ್ಲ.

ಈಗ ತಕ್ಕಡಿಗೆ ಬನ್ನಿ. ಲೆದರ್‌ಮನ್ ವೇವ್: 241 ಗ್ರಾಂ. ಸ್ವಿಸ್‌ಚಾಂಪ್: 185. ಫ್ರಾನ್ಸಿನ ಮರದ ಹಿಡಿಯ ಒಪಿನೆಲ್ 8ನೇ ನಂಬರು: ಸುಮಾರು 45. ಬೆರಳಿಗಿಂತ ಚಿಕ್ಕದಾದ, ಮಡಚಿದರೆ 58 ಮಿ.ಮೀ. ಉದ್ದದ ವಿಕ್ಟೋರಿನಾಕ್ಸ್ ಕ್ಲಾಸಿಕ್, ಒಂದು ಅಲಗು, ಕತ್ತರಿ, ಉಗುರು ಉಜ್ಜುವ ಅರ, ಚಿಮಟ, ಹಲ್ಲುಕಡ್ಡಿ ಎಲ್ಲ ಸೇರಿ: 21 ಗ್ರಾಂ. ವೇವ್ ಬಿಟ್ಟು ಕ್ಲಾಸಿಕ್ ಹಿಡಿದರೆ 220 ಗ್ರಾಂ ಉಳಿತಾಯ. ಆ ಖಾಲಿ ಜಾಗ ಹಾಗೆಯೇ ಉಳಿಯುತ್ತದೆಂದು ಮಾತ್ರ ಭಾವಿಸಬೇಡಿ. ಹೊರಡುವ ಹೊತ್ತಿಗೆ ಮನೆಯವರು ಬಂದು ನೋಡುತ್ತಾರೆ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ, "ದಾರಿಗೆ ಇರಲಿ" ಎಂದು ಒಂದು ಕಿಲೋ ಚಕ್ಕುಲಿ ಬಂದು ಕೂರುತ್ತವೆ. ಸ್ನೇಹಿತನೊಬ್ಬ ಬ್ಲೂಟೂತ್ ಸ್ಪೀಕರ್ ತರುತ್ತಾನೆ. ಚಕ್ಕುಲಿಯನ್ನು ಕ್ಷಮಿಸಬಹುದು, ತಿಂದರೆ ತೂಕ ಇಳಿಯುತ್ತದೆ. ಸ್ಪೀಕರಿನ ತಂತಿ ಕತ್ತರಿಸಲು ಈಗಿನ ಸ್ಪೀಕರಿಗೆ ತಂತಿಯೂ ಇಲ್ಲ.

4. ಉಕ್ಕು ಮತ್ತು ಮಳೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಇಂಗ್ಲಿಷ್ ಚಾರಣ ಪುಸ್ತಕಗಳಲ್ಲಿ ಕಾರ್ಬನ್ ಉಕ್ಕಿನ ಅಲಗನ್ನು ಹೊಗಳಿರುತ್ತಾರೆ: ಬೇಗ ಹರಿತವಾಗುತ್ತದೆ, ಹರಿತ ಬಹಳ ಕಾಲ ನಿಲ್ಲುತ್ತದೆ. ಎರಡೂ ನಿಜ. ಜುಲೈ ತಿಂಗಳ ಮಲೆನಾಡಿನಲ್ಲಿ ಬೇಗ ಕೆಂಪಗಾಗುತ್ತದೆ ಎಂಬುದೂ ನಿಜ. ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಒಪಿನೆಲ್ ಚಾಕುವಿಗೆ ಇನ್ನೊಂದು ತೊಡಕು: ಅದರ ಮರದ ಹಿಡಿ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಹಿಡಿಯ ಹಿಂತುದಿಯನ್ನು ಕಲ್ಲಿಗೋ ಮೇಜಿಗೋ ಕುಟ್ಟಿದರೆ ಅಲಗು ಸ್ವಲ್ಪ ಮುಂದೆ ಜಾರುತ್ತದೆ, ಆಮೇಲೆ ಬೆರಳಲ್ಲಿ ಎಳೆಯಬಹುದು. ಅದು ಹುಟ್ಟಿದ ಸವಾಯ್ ಪ್ರಾಂತ್ಯದ ರೈತರು ಕಂಡುಕೊಂಡ ಉಪಾಯ ಇದು.

ಕಾರ್ಬನ್ ಉಕ್ಕೇ ಬೇಕೆಂದು ಹಟ ಹಿಡಿದವರು ಘಟ್ಟದ ಊರುಗಳ ಕಡೆ ನೋಡಿ. ಸೊಂಟದ ಹಿಂದೆ ಮರದ ಕೊಕ್ಕೆಗೆ ಕತ್ತಿ ನೇತುಹಾಕಿಕೊಂಡು ತೋಟಕ್ಕೆ ಹೊರಟವರನ್ನು ಗಮನಿಸಿ. ಊರಿನ ಕಮ್ಮಾರ, ಎಷ್ಟೋ ಸಲ ಹಳೆಯ ಲಾರಿಯ ಪ್ಲೇಟಿನಿಂದಲೇ, ಬಡಿದು ಮಾಡಿದ ಕತ್ತಿ ಅದು. ಯಾವ ಪೆಟ್ಟಿಗೆಯಲ್ಲೂ ಬಂದಿಲ್ಲ, ಜೊತೆಗೆ ಕೈಪಿಡಿಯೂ ಇಲ್ಲ. ಅದರಲ್ಲಿ ಎಳನೀರು ಕೆತ್ತುತ್ತಾರೆ, ಬೇಲಿಯ ಗೂಟ ಚೂಪು ಮಾಡುತ್ತಾರೆ, ಸೊಪ್ಪು ಸವರುತ್ತಾರೆ. ಅದು ತುಕ್ಕು ಹಿಡಿಯುವುದಿಲ್ಲ, ಏಕೆಂದರೆ ಅದಕ್ಕೆ ಬಿಡುವಿಲ್ಲ. ನಿಮ್ಮ ಚಾಕು ವರ್ಷಕ್ಕೆ ಎರಡು ಸೌತೆಕಾಯಿ ನೋಡುತ್ತದೆ. ತುಕ್ಕಿಗೆ ಬೇಕಾದಷ್ಟು ಪುರಸೊತ್ತು.

5. ಕಾನೂನು

ಈ ಭಾಗವನ್ನು ಹಾರಿಸಬೇಡಿ. ತಮಾಷೆ ಇಲ್ಲಿ ಸ್ವಲ್ಪ ಕಡಿಮೆ.

ಆಯುಧ ಕಾನೂನಿನ ನಿಯಮಗಳು ಹೆಸರಿಸುವ ಹರಿತ ಆಯುಧಗಳೆಂದರೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿರುವವು. ಮನೆಗೆಲಸಕ್ಕೂ ಬೇಸಾಯಕ್ಕೂ ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ಜೇಬಿನ ಚಾಕು ಕೊಂಡವರು ಲೈಸೆನ್ಸಿಗೆ ಓಡಬೇಕಾಗಿಲ್ಲ. ಕೊಡವರ ಮಾತು ಬೇರೆ. ಅವರ ಒಡಿಕತ್ತಿ, ಪೀಚೆಕತ್ತಿಗಳು ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಂಡು, ಮದುವೆಯಲ್ಲಿ ಬಾಳೆದಿಂಡು ಕಡಿಯುತ್ತವೆ. ಬಂದೂಕಿನ ಲೈಸೆನ್ಸಿನಿಂದಲೇ ಅವರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿಯಿದೆ. ತಡಿಯಂಡಮೋಳಿನ ದಾರಿಯಲ್ಲಿ ನಿಮ್ಮ 21 ಗ್ರಾಂ ಚಾಕುವನ್ನು ಯಾವ ಕೊಡವರಿಗೂ ಹೆಮ್ಮೆಯಿಂದ ತೋರಿಸಬೇಡಿ.

ನಿಜವಾದ ತೊಡಕು ಇರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ. ಅದರ 31ನೆಯ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಯಾರೂ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ಅನ್ವಯ. 'ಆಯುಧ' ಎಂದರೆ ಏನೆಂದು ಅದೇ ಕಾಯ್ದೆ ಪಟ್ಟಿ ಕೊಟ್ಟಿದೆ: ಬಂದೂಕು, ಸ್ಫೋಟಕ, ಬಿಲ್ಲುಬಾಣ, ಬಲೆ, ಉರುಲು, ವಿಷ, ಗಾಳ, ಮತ್ತು ಚಾಕು. ಎಷ್ಟು ಇಂಚಿನದು, ಎಷ್ಟು ಗ್ರಾಮಿನದು ಎಂಬ ಮಾತೇ ಇಲ್ಲ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಬ್ರಹ್ಮಗಿರಿ ಹೆಸರೇ ಒಂದು ವನ್ಯಜೀವಿಧಾಮದ್ದು. ಚಾಕು ಬೇಕೆನಿಸುವಂಥ ದೊಡ್ಡ ಕಾಡುಗಳಿಗೆ ಹೋದಾಗಲೇ ಕಾನೂನಿನ ಕಣ್ಣಿಗೆ ನಿಮ್ಮ ಹಲ್ಲುಕಡ್ಡಿಸಹಿತವಾದ ಕೆಂಪು ಆಟಿಕೆ ಗಾಳ-ಉರುಲುಗಳ ಸಾಲಿಗೆ ಸೇರಿಬಿಡುತ್ತದೆ.

ತಪಾಸಣಾ ಗೇಟಿನಲ್ಲಿ ಸಾಮಾನ್ಯವಾಗಿ ಹುಡುಕುವುದು ಪ್ಲಾಸ್ಟಿಕ್ಕನ್ನೂ ಬಾಟಲಿಯನ್ನೂ. ಹಾಗೆಂದು ಚಾಕುವನ್ನು ಕಾಲುಚೀಲದೊಳಗೆ ಬಚ್ಚಿಡುವುದು ಪರಿಹಾರವಲ್ಲ. ಬಚ್ಚಿಟ್ಟ ಚಾಕು ಬಿಚ್ಚಿಟ್ಟದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸರಿಯಾದ ಕ್ರಮ ಎರಡು: ಅನುಮತಿ ಚೀಟಿ ಪಡೆಯುವಾಗಲೇ ಅರಣ್ಯ ಕಚೇರಿಯಲ್ಲಿ ಕೇಳಿ, ಒಪ್ಪಿದರೆ ಬರೆಸಿಕೊಳ್ಳಿ, ಇಲ್ಲವೇ ಚಾಕು ಮನೆಯಲ್ಲಿ ಬಿಡಿ. ಕುಮಾರ ಪರ್ವತಕ್ಕೆ ಹೋಗುವವರಿಗೆ ನಡುದಾರಿಯ ಗಿರಿಗದ್ದೆಯಲ್ಲಿ ಭಟ್ಟರ ಮನೆಯ ಅನ್ನ, ಸಾಂಬಾರು, ಮಜ್ಜಿಗೆಯ ಊಟ ದಶಕಗಳಿಂದ ಪ್ರಸಿದ್ಧ. ಅಲ್ಲಿ ತರಕಾರಿ ಹೆಚ್ಚಿಯೇ ಬಡಿಸುತ್ತಾರೆ. ಸೌತೆಕಾಯಿಯನ್ನಂತೂ ಕಚ್ಚಿ ತಿನ್ನಬಹುದು. ಮನುಷ್ಯನಿಗೆ ಮುಂದಿನ ಹಲ್ಲು ಇರುವುದೇ ಅದಕ್ಕೆ.

ವಿಮಾನದಲ್ಲಿ ಹೋಗುವವರು ಚಾಕುವನ್ನು ಕೈಚೀಲದಲ್ಲಿಡದೆ, ಕೌಂಟರಿನಲ್ಲಿ ಒಪ್ಪಿಸುವ ದೊಡ್ಡ ಚೀಲದಲ್ಲಿಡಿ. ಕೀಗೊಂಚಲಿಗೆ ಸಿಕ್ಕಿಸಿದವರು ಮರೆಯುವುದೇ ಹೆಚ್ಚು. ಭದ್ರತಾ ತಪಾಸಣೆಯ ಕಸದ ಡಬ್ಬಿಯಲ್ಲಿ ಎಷ್ಟು ಮನೆಗಳ ಚಿಮಟಗಳು ಬಿದ್ದಿವೆಯೋ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿ ಕಾರಣ ಹೇಳದೆ ಜೇಬಿನಲ್ಲಿಟ್ಟುಕೊಂಡು ಓಡಾಡಬಹುದಾದದ್ದು 3 ಇಂಚಿಗಿಂತ ಹೆಚ್ಚಿಲ್ಲದ ಅಲಗಿನ, ಲಾಕ್ ಇಲ್ಲದ ಮಡಚುಚಾಕು ಮಾತ್ರ. ಎಂಟೂವರೆ ಸೆಂಟಿಮೀಟರಿನ, ಲಾಕ್ ಇರುವ ಒಪಿನೆಲ್ 8 ಎರಡೂ ಕಡೆ ನಪಾಸು. ಪುಟ್ಟ ಕ್ಲಾಸಿಕ್ ಎರಡೂ ಕಡೆ ಪಾಸು.

6. ನಿರ್ವಹಣೆ

ಪ್ರತಿ ಚಾರಣದ ನಂತರ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಕೀಲುಗಳಿಗೆ ಒಂದು ಹನಿ ಎಣ್ಣೆ ಬಿಡಿ. ಕೊಬ್ಬರಿಎಣ್ಣೆ ಆಗುತ್ತದೆ, ಮುಂದಿನ ಸೌತೆಕಾಯಿಗೂ ದೋಷವಿಲ್ಲ. ಅಲಗು ಮೊಂಡಾದರೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ಅದರ ತಳದ ಒರಟು ಅಂಚಿಗೆ ಮೆಲ್ಲಗೆ ಮಸೆಯಿರಿ. ಬೀದಿಯಲ್ಲಿ ಸೈಕಲ್ ತುಳಿದು ಸಾಣೆ ಹಿಡಿಯುವವರ ಕೈಗೆ ಕೊಡಬೇಡಿ. ಅವರ ಕಲೆಗೆ ಈಳಿಗೆಮಣೆ, ಮಚ್ಚು ಸರಿಸಾಟಿ; ಈ ಅಲಗು ಕಿಡಿ ಹಾರುವಷ್ಟರಲ್ಲಿ ಮುಗಿದುಹೋಗಿರುತ್ತದೆ.

ವಾರ್ಷಿಕ ನಿರ್ವಹಣೆ ಆಯುಧಪೂಜೆಯ ದಿನ. ಅಂದು ಮನೆಯ ಕಬ್ಬಿಣವೆಲ್ಲ ದೇವರ ಮುಂದೆ ಬರುತ್ತದೆ: ಈಳಿಗೆಮಣೆ, ಕತ್ತರಿ, ಸ್ಪ್ಯಾನರ್, ಈಚೆಗೆ ಲ್ಯಾಪ್‌ಟಾಪ್. ನಿಮ್ಮ ಚಾಕುವೂ ಅಲ್ಲಿ ಕೂರಬೇಕು. ಅರಿಸಿನ ಕುಂಕುಮ ಹಚ್ಚುವಾಗ ಮಡಚಿರಲಿ. ಕತ್ತರಿಯ ಸ್ಪ್ರಿಂಗಿನೊಳಗೆ ಹೊಕ್ಕ ಕುಂಕುಮ ಮುಂದಿನ ನವರಾತ್ರಿಯವರೆಗೂ ಬ್ಯಾಂಡೇಜಿನ ಬಟ್ಟೆಗೆ ಬಣ್ಣ ಹಾಕುತ್ತದೆ. ತೊಂದರೆ ಬರುವುದು ಪಂಚಾಂಗದಿಂದ. ದಸರಾ ರಜೆಯೇ ಚಾರಣದ ಸುಗ್ಗಿ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಈ ವಿಚಾರದಲ್ಲಿ ಅಜ್ಜಿಯ ಮಾತೇ ಅಂತಿಮ. ಚಾಕು ಬಿಟ್ಟು ಹೊರಡಿ. ವನ್ಯಜೀವಿ ಕಾಯ್ದೆಗೂ ಅಜ್ಜಿಗೂ ಈ ಒಂದು ವಿಷಯದಲ್ಲಿ ಒಮ್ಮತವಿದೆ.

ಚಾಕುವನ್ನು ಇನ್ನೊಬ್ಬರಿಗೆ ಕೊಡುವಾಗ ಕೈಯಿಂದ ಕೈಗೆ ಕೊಡದೆ ಕೆಳಗಿಡಿ, ಅವರು ಎತ್ತಿಕೊಳ್ಳಲಿ. ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಹಿರಿಯರು ಹೇಳುತ್ತಿದ್ದರು. ಜಾರುವ ಬಂಡೆಯ ಮೇಲೆ ನಿಂತು ಬಿಚ್ಚಲಗನ್ನು ಕೈಬದಲು ಮಾಡಿದರೆ ಆಗುವುದು ಜಗಳ ಮಾತ್ರವಲ್ಲ.

7. ತೊಂದರೆ ನಿವಾರಣೆ

ಅಲಗು ಮಡಚುತ್ತಿಲ್ಲ: ಲಾಕ್ ಇದೆ. ಒಪಿನೆಲ್ ಆದರೆ ಕತ್ತಿನ ಬಳೆಯನ್ನು ತಿರುಗಿಸಿ. ಮಲ್ಟಿಟೂಲ್ ಆದರೆ ಪಕ್ಕದ ಚಿಕ್ಕ ತಗಡನ್ನು ಒತ್ತಿ. ಬಲ ಪ್ರಯೋಗಿಸಬೇಡಿ.

ಅಲಗು ತಾನಾಗಿಯೇ ಮಡಚುತ್ತದೆ: ಲಾಕ್ ಇಲ್ಲ. ಮೊನೆಯಿಂದ ಏನನ್ನೂ ಚುಚ್ಚಲು ಹೋಗಬೇಡಿ. ಅಲಗು ಮಡಚಿಕೊಳ್ಳುವುದು ನಿಮ್ಮ ಬೆರಳಿನ ಮೇಲೆಯೇ.

ಎಲ್ಲ ಉಪಕರಣಗಳೂ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ, ಒಂದೂ ನಿಲ್ಲುವುದಿಲ್ಲ: ನೀವು ಕೊಂಡದ್ದು ಫುಟ್‌ಪಾತಿನ ನಕಲು. ದೀಪಾವಳಿ ಶುಚಿಯವರೆಗೆ ಮೇಜಿನ ಖಾನೆಯಲ್ಲಿಡಿ.

ಅಮೆರಿಕದಿಂದ ಬಂದ ಭಾವ ದೊಡ್ಡ ಮಲ್ಟಿಟೂಲ್ ಉಡುಗೊರೆ ಕೊಟ್ಟಿದ್ದಾರೆ: ಸಂತೋಷದಿಂದ ಸ್ವೀಕರಿಸಿ. ಸ್ಕೂಟರಿನ ಡಿಕ್ಕಿಯಲ್ಲಿಡಿ. ಅಲ್ಲಿ ಅದಕ್ಕೆ ನಿಜವಾಗಿ ಕೆಲಸವಿದೆ, ಲೆದರ್‌ಮನ್ ಅದನ್ನು ಮಾಡಿದ್ದೇ ಕೆಟ್ಟ ವಾಹನಕ್ಕಾಗಿ.

ಚಾಕು ಕೊಂಡಂದಿನಿಂದ ಮನೆಗೆ ಬಂದ ಪಾರ್ಸೆಲ್ ಎಲ್ಲವನ್ನೂ ಅದರಿಂದಲೇ ತೆರೆಯುವ ಹಂಬಲ: ಸಹಜ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಎರಡು ವಾರದಲ್ಲಿ ಇಳಿಯುತ್ತದೆ.

8. ಖಾತರಿ ಮತ್ತು ಅಂತಿಮ ಸೂಚನೆ

ವಿಕ್ಟೋರಿನಾಕ್ಸ್ ತನ್ನ ಚಾಕುಗಳ ಉಕ್ಕು ಮತ್ತು ತಯಾರಿಕೆಯ ದೋಷಗಳಿಗೆ ಜೀವಮಾನದ ಖಾತರಿ ಕೊಡುತ್ತದೆ. ಲೆದರ್‌ಮನ್ 25 ವರ್ಷ. ಬಸ್ಸಿನ ಸೀಟಿನ ಸಂದಿಯಲ್ಲಿ ಬಿದ್ದದ್ದು, ವಿಮಾನ ನಿಲ್ದಾಣದ ಡಬ್ಬಿಗೆ ಸೇರಿದ್ದು, ಸ್ನೇಹಿತ ಒಯ್ದು ಮರಳಿಸದ್ದು ಯಾವ ಖಾತರಿಗೂ ಒಳಪಡುವುದಿಲ್ಲ. ಈ ಮೂರು ಬಗೆಯಲ್ಲಿ ಅಲ್ಲದೆ ಚಾಕು ಕಳೆದುಕೊಂಡವರು ವಿರಳ.

ಕೊಳ್ಳಲೇಬೇಕೆಂದರೆ 58 ಮಿ.ಮೀ.ನದು, ಕತ್ತರಿ ಇರುವುದು, ಸ್ಟೇನ್‌ಲೆಸ್, ಎದ್ದುಕಾಣುವ ಬಣ್ಣದ್ದು ಕೊಳ್ಳಿ; ಹಸಿರು ಹಿಡಿ ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ. ಸ್ಟವ್ ಹೊತ್ತು ಅಡುಗೆ ಮಾಡುವ ಗುಂಪಾದರೆ ಜೊತೆಗೊಂದು ಪ್ಲಾಸ್ಟಿಕ್ ಹಿಡಿಯ ತರಕಾರಿ ಚಾಕು, ಪಾತ್ರೆಯಂಗಡಿಯದು, ಅಲಗಿಗೆ ರಟ್ಟು ಸುತ್ತಿ ಒಯ್ಯಿರಿ. ಇವೆರಡೂ ಬೇಡವೆಂದರೆ ನಿಮ್ಮ ಮನೆಯ ಖಾನೆಯಲ್ಲಿರುವ ನೇಲ್‌ಕಟರ್ ತೆಗೆದು ನೋಡಿ. ಉಗುರು ಕತ್ತರಿಸುತ್ತದೆ, ದಾರ ಕತ್ತರಿಸುತ್ತದೆ. ಹೊಟ್ಟೆಯೊಳಗೆ ಮಡಚಿದ ಅರ ಇದೆ, ಕೆಲವದರಲ್ಲಿ ಸಣ್ಣ ಅಲಗೂ ಸೋಡಾಬಾಟಲಿಯ ಮುಚ್ಚಳ ತೆಗೆಯುವ ಕೊಕ್ಕೂ ಇವೆ. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸರಪಣಿಗೆ ತೂಗುಹಾಕಿ ಮಾರುತ್ತಾರೆ. ಅಲಗಿಲ್ಲದ್ದನ್ನೇ ಆರಿಸಿದರೆ ಯಾವ ಗೇಟಿನಲ್ಲೂ ವಾದಕ್ಕೆ ನಿಲ್ಲಬೇಕಾಗಿಲ್ಲ.

ಕೊನೆಯದಾಗಿ, ಒಂದು ಗುಂಪಿಗೆ ಒಂದು ಚಾಕು ಸಾಕು. ಆರು ಜನ ಆರು ಚಾಕು ತಂದು, ಮಳೆಯಲ್ಲಿ ಮೊಸರನ್ನವನ್ನು ಹಲ್ಲುಜ್ಜುವ ಬ್ರಷ್ಷಿನ ಹಿಡಿಯಿಂದ ತಿಂದ ಗುಂಪುಗಳಿವೆ. ಹೊರಡುವ ಮುನ್ನ ಯಾರ ಬಳಿ ಚಾಕು ಇದೆಯೆಂದು ಕೇಳಿ. ಇದ್ದರೆ, ದಯವಿಟ್ಟು ನೀವು ಚಮಚ ತನ್ನಿ.